ಸಂಜೆ ಎಂಟಾದರೆ ತೆವಳುವ ಇಂಟರ್ನೆಟ್: ಕಂಪನಿ ಬದಲಿಸುವುದೋ, ಇದನ್ನೇ ಸರಿಪಡಿಸಿಕೊಳ್ಳುವುದೋ?

ಮೊದಲ ಮಹಡಿ, ಬನಶಂಕರಿ 2ನೇ ಹಂತ
ಭಾನುವಾರ, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಮೂರಂತಸ್ತಿನ ಮನೆಯೊಂದರ ಮೊದಲ ಮಹಡಿಯಲ್ಲಿ ನಾವು ಬಾಡಿಗೆಗೆ ಇದ್ದೇವೆ. ನಾಲ್ಕು ವರ್ಷಗಳಿಂದ ಒಂದೇ ಕಂಪನಿಯ ಬ್ರಾಡ್‌ಬ್ಯಾಂಡ್ ಬಳಸುತ್ತಿದ್ದೇವೆ. ಕಳೆದ ವರ್ಷ 100 ಎಂಬಿಪಿಎಸ್ ಪ್ಲಾನ್‌ನಿಂದ 150ಕ್ಕೆ ಏರಿಸಿಕೊಂಡೆವು. ಬಿಲ್ ಏರಿತೇ ಹೊರತು ಬೇರೇನೂ ಬದಲಾದಂತೆ ಕಾಣಲಿಲ್ಲ.

ನಾನು ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಕಕ್ಷಿದಾರರು ಹೊರದೇಶದವರಾದ್ದರಿಂದ ರಾತ್ರಿ ಎಂಟರಿಂದ ಹತ್ತರವರೆಗೆ ವಿಡಿಯೊ ಕರೆ ಇರುತ್ತದೆ. ಮಗನ ಪಿಯುಸಿ ಆನ್‌ಲೈನ್ ಟ್ಯೂಷನ್ನೂ ಅತ್ತೆಯವರ ಧಾರಾವಾಹಿಯೂ ಸರಿಯಾಗಿ ಅದೇ ಹೊತ್ತಿಗೆ. ಒಂಬತ್ತು ಗಂಟೆಯ ಸುಮಾರಿಗೆ ನನ್ನ ಮುಖ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಬಿಡುತ್ತದೆ. ಆಚೆ ಬದಿಯವರು ‘ಹಲೋ, ಹಲೋ’ ಎನ್ನುವುದು ನನಗೆ ಕೇಳುತ್ತಿರುತ್ತದೆ, ನನ್ನ ಉತ್ತರ ಅವರಿಗೆ ಕೇಳುವುದಿಲ್ಲ. ಹಿಂದಿನ ವಾರ ಮೊಬೈಲ್ ಡೇಟಾದಲ್ಲಿ ಕರೆ ಮುಗಿಸಬೇಕಾಯಿತು.

ಐದು ಬಾರಿ ದೂರು ಕೊಟ್ಟಿದ್ದೇನೆ. ಮೂರು ಬಾರಿ ‘ರೂಟರ್ ಆರಿಸಿ, ಮತ್ತೆ ಹಾಕಿ’ ಎಂದರು. ಎರಡು ಬಾರಿ ಯಾರೂ ಬಾರದೆಯೇ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಸಂದೇಶ ಬಂತು. ಈಗಿನ ಆರು ತಿಂಗಳ ಪ್ಲಾನ್ ಮುಗಿಯಲು ಇನ್ನೂ ಐದು ವಾರವಿದೆ. ಮೊನ್ನೆ ಬೇರೊಂದು ಕಂಪನಿಯ ಹುಡುಗನೊಬ್ಬ ಗೇಟಿನ ಬಳಿ ಬಂದು, ಒಂದು ವರ್ಷದ ಹಣ ಒಟ್ಟಿಗೆ ಕಟ್ಟಿದರೆ ರೂಟರ್ ಉಚಿತ ಎಂದು ಕರಪತ್ರ ಕೊಟ್ಟು ಹೋಗಿದ್ದಾನೆ. ಯಜಮಾನರು ಕಟ್ಟಿಬಿಡೋಣ ಎನ್ನುತ್ತಾರೆ. ನನಗೇಕೋ ಅಂಜಿಕೆ. ಬದಲಿಸಿದವರ ಅನುಭವ ಹೇಗಿದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.


ಹೊಂಗೆ ಮರದಡಿ, ವಿಜಯನಗರ
ಭಾನುವಾರ, ರಾತ್ರಿ 11:25

ಮೇಡಂ, ಒಂದೂವರೆ ವರ್ಷದಲ್ಲಿ ಎರಡು ಬಾರಿ ಬದಲಿಸಿದವನ ಮಾತಿದು, ನಗಬೇಡಿ.

ಮೊದಲ ಕಂಪನಿಯ ವೇಗ ಸಾಲದೆಂದು ಎರಡನೆಯದಕ್ಕೆ ಹೋದೆ, ಅದೂ ಸಾಲದೆಂದು ಮೂರನೆಯದಕ್ಕೆ. ಮೂರನೆಯ ಕಂಪನಿಯ ತಂತ್ರಜ್ಞ ಹುಡುಗ ಸಂಪರ್ಕ ಕೊಟ್ಟ ಮೇಲೆ ಷೋಕೇಸಿನ ಕಡೆ ನೋಡಿ, ‘ಅಂಕಲ್, ರೂಟರನ್ನು ಮೀನಿನ ತೊಟ್ಟಿಯ ಹಿಂದೆ ಯಾಕೆ ಇಟ್ಟಿದ್ದೀರಿ?’ ಎಂದು ಕೇಳಿದ. ಮೂರೂ ಕಂಪನಿಗಳ ರೂಟರ್‌ಗಳು ಕುಳಿತಿದ್ದು ಅದೇ ಜಾಗದಲ್ಲಿ, ಏಕೆಂದರೆ ಪ್ಲಗ್ ಇದ್ದದ್ದು ಅಲ್ಲಿಯೇ. ವೈಫೈ ಅಲೆಗಳನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದಂತೆ. ನಾನು ತೊಟ್ಟಿಯ ತುಂಬ ನೀರನ್ನು ರೂಟರಿಗೂ ಮಲಗುವ ಕೋಣೆಗೂ ನಡುವೆ ನಿಲ್ಲಿಸಿದ್ದೆ. ರೂಟರನ್ನು ಬೀರುವಿನ ಮೇಲಿಟ್ಟ ದಿನ ಸಮಸ್ಯೆಯ ಮುಕ್ಕಾಲು ಪಾಲು ಹೋಯಿತು.

ಇನ್ನೊಂದು ಸಂಗತಿ. ಲೈನ್ ಆಗಾಗ ತುಂಡಾಗುತ್ತದೆ ಎಂಬುದೂ ನನ್ನ ದೂರಾಗಿತ್ತು. ರೆಂಬೆ ಸವರುವವರು ನಮ್ಮ ಬೀದಿಯ ಹೊಂಗೆ ಮರ ಸವರಿದ ದಿನ ನನ್ನ ಹೊಸ ಕಂಪನಿಯ ತಂತಿಯೂ ತುಂಡಾಯಿತು, ಪಕ್ಕದ ಮನೆಯಲ್ಲಿ ಇನ್ನೂ ಇದ್ದ ನನ್ನ ಹಳೆಯ ಕಂಪನಿಯ ತಂತಿಯೂ ತುಂಡಾಯಿತು. ಕಂಪನಿಗಳು ಎರಡು, ಮರ ಒಂದೇ.


ಪ್ಯಾಕೆಟ್ ಪುರಾಣ, ವೈಟ್‌ಫೀಲ್ಡ್
ಸೋಮವಾರ, ಬೆಳಿಗ್ಗೆ 7:15

ನನ್ನ ವೃತ್ತಿಯೇ ನೆಟ್‌ವರ್ಕ್ ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಕ್ಷಮಿಸಿ.

ನಿಮ್ಮ ಲ್ಯಾಪ್‌ಟಾಪಿನಿಂದ ಹೊರಟ ಮಾಹಿತಿ ಮೊದಲು ವೈಫೈ ಮೂಲಕ ರೂಟರಿಗೆ, ಅಲ್ಲಿಂದ ತಂತಿಯಲ್ಲಿ ಬೀದಿಯ ಪೆಟ್ಟಿಗೆಗೆ, ಅಲ್ಲಿಂದ ಕಂಪನಿಯ ಜಾಲಕ್ಕೆ, ಕೊನೆಗೆ ಹೊರಜಗತ್ತಿಗೆ ಹೋಗುತ್ತದೆ. ನಿಧಾನ ಯಾವ ಹಂತದಲ್ಲಿದೆ ಎಂದು ತಿಳಿಯದೆ ಕಂಪನಿ ಬದಲಿಸಿದರೆ ವಿಜಯನಗರದ ಸರ್ ಹೇಳಿದಂತೆ ಮೀನಿನ ತೊಟ್ಟಿಯನ್ನು ಉಳಿಸಿಕೊಂಡು ಹಣವನ್ನು ಬದಲಿಸಿದಂತಾಗುತ್ತದೆ.

ಆದ್ದರಿಂದ ಮೊದಲು ವೈಫೈಯನ್ನು ಲೆಕ್ಕದಿಂದ ತೆಗೆದುಹಾಕಿ. ಒಂದು ಲ್ಯಾನ್ ತಂತಿಯಿಂದ ಲ್ಯಾಪ್‌ಟಾಪನ್ನು ನೇರವಾಗಿ ರೂಟರಿಗೆ ಸೇರಿಸಿ, ಲ್ಯಾಪ್‌ಟಾಪಿನ ವೈಫೈ ಆರಿಸಿ, ವೇಗ ಪರೀಕ್ಷೆ ಮಾಡಿ. ಅದೇ ಪರೀಕ್ಷೆಯನ್ನು ನೀವು ಕೆಲಸ ಮಾಡುವ ಕೋಣೆಯಲ್ಲಿ ವೈಫೈ ಮೇಲೆ ಮಾಡಿ. ಬೆಳಿಗ್ಗೆ ಏಳಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ, ಕನಿಷ್ಠ ನಾಲ್ಕು ದಿನ. ಪರೀಕ್ಷಿಸುವಾಗ ಮನೆಯ ಉಳಿದವರೆಲ್ಲರೂ ಐದು ನಿಮಿಷ ಬಳಕೆ ನಿಲ್ಲಿಸಬೇಕು, ಇಲ್ಲದಿದ್ದರೆ ನೀವು ಅಳೆಯುವುದು ಕಂಪನಿಯನ್ನಲ್ಲ, ಧಾರಾವಾಹಿಯನ್ನು. ವೇಗ ಪರೀಕ್ಷೆಯ ತಾಣಗಳು ಬಹಳ ಸಲ ನಿಮ್ಮ ಕಂಪನಿಯ ಜಾಲದೊಳಗೇ ಇರುವ ಸರ್ವರನ್ನು ತಾವಾಗಿ ಆರಿಸಿಕೊಳ್ಳುತ್ತವೆ. ಮನೆಯ ಅಂಗಳದಲ್ಲೇ ಓಡಿ ವೇಗ ಅಳೆದಂತೆ ಅದು. ಬೇರೆ ಕಂಪನಿಯ ಸರ್ವರನ್ನೂ, ಸಾಧ್ಯವಾದರೆ ಚೆನ್ನೈ ಅಥವಾ ಮುಂಬೈಯ ಒಂದನ್ನೂ ಆರಿಸಿ ನೋಡಿ.

ವೇಗಕ್ಕಿಂತ ವಿಳಂಬವೇ ನಿಮ್ಮ ಕರೆಗಳನ್ನು ಕೆಡಿಸುವುದು. ವಿಡಿಯೊ ಕರೆಗೆ ನಾಲ್ಕೈದು ಎಂಬಿಪಿಎಸ್ ಸಾಕು, ನೆಟ್‌ಫ್ಲಿಕ್ಸ್‌ನವರೇ ಫುಲ್ ಎಚ್‌ಡಿ ಚಿತ್ರಕ್ಕೆ 5 ಮತ್ತು 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಸಾಕೆನ್ನುತ್ತಾರೆ. ಹಾಗಿರುವಾಗ 150ರ ಪ್ಲಾನ್‌ನಲ್ಲಿ ಮುಖ ಹೆಪ್ಪುಗಟ್ಟುತ್ತಿದೆಯೆಂದರೆ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ತುಣುಕುಗಳು, ದಾರಿಯಲ್ಲಿ ಕಾಯುತ್ತಿವೆ ಅಥವಾ ಕಳೆದುಹೋಗುತ್ತಿವೆ ಎಂದರ್ಥ. ಕಮಾಂಡ್ ಪ್ರಾಂಪ್ಟ್ ತೆರೆದು, ಒಂದು ಪ್ಯಾಕೆಟ್ ಹೋಗಿ ಮರಳಲು ಹಿಡಿಯುವ ಹೊತ್ತನ್ನು ಅಳೆಯುವ ಪಿಂಗ್ ಆಜ್ಞೆಯನ್ನು ಮೂರು ಕಡೆಗೆ ನೂರು ನೂರು ಬಾರಿ ಓಡಿಸಿ: ನಿಮ್ಮ ರೂಟರ್, ಅದು ಸಾಮಾನ್ಯವಾಗಿ 192.168.1.1 ಅಥವಾ 192.168.0.1, ರೂಟರಿನ ಆಚೆಗೆ ಸಿಗುವ ಕಂಪನಿಯ ಮೊದಲ ದ್ವಾರ, ಅದು ಪ್ಯಾಕೆಟ್ ಹಾದುಹೋಗುವ ಹಂತಗಳನ್ನು ತೋರಿಸುವ ಟ್ರೇಸ್‌ರೂಟ್ ಪಟ್ಟಿಯ ಎರಡನೆಯ ಸಾಲಿನಲ್ಲಿರುತ್ತದೆ, ಕೊನೆಗೆ ಗೂಗಲ್‌ನ ಸರ್ವರ್ 8.8.8.8. ಕೆಲವು ಕಂಪನಿಗಳ ದ್ವಾರಗಳು ಪಿಂಗ್‌ಗೆ ಉತ್ತರಿಸುವುದಿಲ್ಲ, ಆಗ ಮೊದಲನೆಯದು ಮತ್ತು ಮೂರನೆಯದನ್ನೇ ಹೋಲಿಸಿ. ಬಂದ ಅಂಕಿಗಳನ್ನು ಇಲ್ಲಿ ಬರೆಯಿರಿ, ಆಮೇಲೆ ಮಾತಾಡೋಣ. ಅಲ್ಲಿಯವರೆಗೆ ಆ ಕರಪತ್ರದ ಹುಡುಗನಿಗೆ ಒಂದು ವರ್ಷದ ಹಣ ಕಟ್ಟಬೇಡಿ.


ಮೊದಲ ಮಹಡಿ, ಬನಶಂಕರಿ 2ನೇ ಹಂತ
ಶುಕ್ರವಾರ, ರಾತ್ರಿ 11:05

ಹೇಳಿದಂತೆ ನಾಲ್ಕು ದಿನ ಅಳೆದಿದ್ದೇನೆ. ಅತ್ತೆಯವರು ಜಾಹೀರಾತಿನ ಹೊತ್ತಿನಲ್ಲಿ ಮಾತ್ರ ಟಿವಿ ಆರಿಸಲು ಒಪ್ಪಿದ್ದರಿಂದ ರಾತ್ರಿಯ ಪರೀಕ್ಷೆಗಳನ್ನೆಲ್ಲ ನಾಲ್ಕು ನಿಮಿಷಗಳಲ್ಲಿ ಮುಗಿಸಬೇಕಾಯಿತು.

ತಂತಿಯಲ್ಲಿ ಬೆಳಗಿನ ವೇಗ ನಾಲ್ಕೂ ದಿನ 93ರಿಂದ 94 ಎಂಬಿಪಿಎಸ್. ಒಂದು ದಿನವೂ ಅದನ್ನು ಮೀರಲಿಲ್ಲ. ರಾತ್ರಿ ಒಂಬತ್ತಕ್ಕೆ ತಂತಿಯಲ್ಲೇ 11, 18, 14, 12. ನನ್ನ ಕೋಣೆಯಲ್ಲಿ ವೈಫೈ ಮೇಲೆ ಬೆಳಿಗ್ಗೆ 22ರ ಆಸುಪಾಸು, ರಾತ್ರಿ 6. ರೂಟರಿಗೆ ಪಿಂಗ್ ತಂತಿಯಲ್ಲಿ ಯಾವಾಗಲೂ 1 ಮಿಲಿಸೆಕೆಂಡಿನೊಳಗೆ. ಕಂಪನಿಯ ದ್ವಾರಕ್ಕೆ ಬೆಳಿಗ್ಗೆ 4 ಮಿಲಿಸೆಕೆಂಡ್, ರಾತ್ರಿ 90ರಿಂದ 140, ನೂರಕ್ಕೆ ಆರೇಳು ಪ್ಯಾಕೆಟ್ ನಾಪತ್ತೆ. ಗೂಗಲ್‌ಗೂ ಹೆಚ್ಚುಕಡಿಮೆ ಅಷ್ಟೇ.

ಬಾಗಿಲ ಮೇಲಿನ ಕಿಂಡಿಯಿಂದ ತಂತಿ ಒಳಬರುವುದರಿಂದ ರೂಟರ್ ಟಿವಿಯ ಹಿಂದೆ ಇದೆ. ನನ್ನ ಕೋಣೆ ಹಿಂಬದಿಗೆ, ಅಡುಗೆಮನೆಯನ್ನು ದಾಟಿ.


ಕೆಂಪು ಸಮುದ್ರ, ರಾಜಾಜಿನಗರ
ಶುಕ್ರವಾರ, ರಾತ್ರಿ 11:30

ಇದು ಸಮುದ್ರದಡಿಯ ಕೇಬಲ್ ತುಂಡಾಗಿದ್ದರ ಪರಿಣಾಮವಿರಬಹುದಲ್ಲವೇ? 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾದಾಗ ಭಾರತದಲ್ಲೂ ಇಂಟರ್ನೆಟ್ ನಿಧಾನವಾಗಿತ್ತು.


ಪ್ಯಾಕೆಟ್ ಪುರಾಣ, ವೈಟ್‌ಫೀಲ್ಡ್
ಶನಿವಾರ, ಬೆಳಿಗ್ಗೆ 6:50

ಅಲ್ಲ ಸರ್. ಸಮುದ್ರದ ಕೇಬಲ್‌ಗಳು ದಡ ಮುಟ್ಟುವುದು ಮುಂಬೈ, ಚೆನ್ನೈ, ಕೊಚ್ಚಿಯಂತಹ ಕಡೆ. ಮೇಡಂ ಅವರ ಪ್ಯಾಕೆಟ್ ಬನಶಂಕರಿಯಿಂದ ಆಚೆಗೇ ಹೋಗಿಲ್ಲ. ರೂಟರ್ ದಾಟಿದ ಮೊದಲ ಹೆಜ್ಜೆಯಲ್ಲೇ 140 ಮಿಲಿಸೆಕೆಂಡ್ ನಿಂತಿದೆ. ಕೇಬಲ್ ತುಂಡಾಗಿದ್ದರೆ ಹತ್ತಿರದ ಪಿಂಗ್ ಚೆನ್ನಾಗಿದ್ದು ದೂರದ್ದು ಮಾತ್ರ ಕೆಡುತ್ತಿತ್ತು, ರಾತ್ರಿ ಒಂಬತ್ತರ ಗಡಿಯಾರವನ್ನೂ ನೋಡಿಕೊಂಡು ಬರುತ್ತಿರಲಿಲ್ಲ.

ಅಂಕಿಗಳು ಅಚ್ಚುಕಟ್ಟಾಗಿವೆ. 94 ಎಂಬ ಸಂಖ್ಯೆಯ ಬಗ್ಗೆ ನನಗೊಂದು ಅನುಮಾನವಿದೆ, ಆದರೆ ಅದನ್ನು ಹೇಳಲು ತಂತಿಯ ಕೆಲಸ ಬಲ್ಲ ಬಸವನಗುಡಿಯ ಹಿರಿಯರೇ ಸರಿ.


ಕಂಬದಿಂದ ಕಂಬಕ್ಕೆ, ಬಸವನಗುಡಿ
ಶನಿವಾರ, ಮಧ್ಯಾಹ್ನ 12:20

ಮೂವತ್ತಮೂರು ವರ್ಷ ದೂರವಾಣಿ ಇಲಾಖೆಯಲ್ಲಿ ತಾಮ್ರದ ತಂತಿ ಜೋಡಿಸಿ ನಿವೃತ್ತನಾದವನು ನಾನು. ಮೇಡಂ, ತಮ್ಮ ಮನೆಯಲ್ಲಿರುವುದು ಒಂದು ಕಾಯಿಲೆಯಲ್ಲ, ಮೂರು. ಮೂರಕ್ಕೂ ಮದ್ದು ಬೇರೆ ಬೇರೆ.

ಕೋಣೆಯಲ್ಲಿ ಬೆಳಿಗ್ಗೆ 94ರ ಬದಲು 22 ಸಿಗುವುದು ವೈಫೈಯ ಕಾಯಿಲೆ. ಇದಕ್ಕೂ ಕಂಪನಿಗೂ ಸಂಬಂಧವಿಲ್ಲ. ಟಿವಿಯ ಹಿಂದೆ ಅಡಗಿರುವ ರೂಟರಿನ ಅಲೆ ಅಡುಗೆಮನೆಯ ಗೋಡೆಗಳನ್ನೂ ಫ್ರಿಜ್ಜನ್ನೂ ದಾಟಿ ಬರಬೇಕು. 2.4 ಗಿಗಾಹರ್ಟ್ಸ್‌ನ ಅಲೆ ಗೋಡೆ ದಾಟುತ್ತದೆ, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಎಂಬ ಮೂರೇ. ಗೋಡೆಗೆ ಗೋಡೆ ಅಂಟಿದ ನಮ್ಮ ಬಡಾವಣೆಗಳಲ್ಲಿ ಆ ಮೂರನ್ನು ಇಪ್ಪತ್ತು ಮನೆಗಳು ಹಂಚಿಕೊಂಡಿರುತ್ತವೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. ರೂಟರನ್ನು ಮನೆಯ ನಡುಭಾಗಕ್ಕೆ, ತಲೆಯೆತ್ತರಕ್ಕೆ ತನ್ನಿ. ಆಗದಿದ್ದರೆ ಒಂದು ಲ್ಯಾನ್ ತಂತಿಯನ್ನು ಹಿಂದಿನ ಕೋಣೆಗೆ ಎಳೆಸಿ.

ಎರಡನೆಯದು ಆ 94. ಹಾಲು ಸೇರಿನಲ್ಲಿ ಅಳೆದಂತೆ ನಾಲ್ಕು ದಿನವೂ ಒಂದೇ ಅಳತೆ ಬಂದಿದೆಯೆಂದರೆ ಅಲ್ಲಿ ಸೇರಿನ ಅಂಚು ಇದೆ ಎಂದರ್ಥ. 100 ಎಂಬಿಪಿಎಸ್ ಪೋರ್ಟಿನಿಂದ ಕೈಗೆ ಸಿಗುವುದು 94ರ ಸುಮಾರು, ಅದಕ್ಕಿಂತ ಹೆಚ್ಚಿಲ್ಲ. ಲ್ಯಾನ್ ತಂತಿಯೊಳಗೆ ನಾಲ್ಕು ಜೊತೆ ಎಳೆಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು, 100ಕ್ಕೆ ಎರಡು ಸಾಕು. ಆದ್ದರಿಂದ ಒಂದೋ ತುದಿಯ ಕನೆಕ್ಟರಿನಲ್ಲಿ ಎರಡು ಜೊತೆ ಮಾತ್ರ ಸರಿಯಾಗಿ ಕೂತಿವೆ, ಇಲ್ಲವೇ ಎಲ್ಲೋ ಒಂದು ಎಳೆ ಮುರಿದಿದೆ, ಇಲ್ಲವೇ ಯಾವುದೋ ಪೆಟ್ಟಿಗೆಯ ಪೋರ್ಟೇ ಹಳೆಯ ಕಾಲದ್ದು. ಒಟ್ಟಿನಲ್ಲಿ ತಾವು 150ಕ್ಕೆ ದುಡ್ಡು ಕೊಟ್ಟು 94ರ ಕೊಳಾಯಿಯಲ್ಲಿ ನೀರು ಹಿಡಿಯುತ್ತಿದ್ದೀರಿ.

ಮೂರನೆಯದೇ ಕಂಪನಿಯ ಕಾಯಿಲೆ. ತಮ್ಮ ಮನೆಗೆ ಬರುತ್ತಿರುವ ತಂತಿ ದಪ್ಪಗಿದೆಯೇ, ತುದಿಯಲ್ಲಿ ಟೆಲಿಫೋನ್ ಪಿನ್ನಿನ ಅಣ್ಣನಂತಹ ಪ್ಲಾಸ್ಟಿಕ್ ಕನೆಕ್ಟರ್ ಇದೆಯೇ ನೋಡಿ. ಇದ್ದರೆ ಅದು ಫೈಬರ್ ಅಲ್ಲ. ಬೆಂಗಳೂರಿನಲ್ಲಿ ಎಷ್ಟೋ ಕಡೆ ಫೈಬರ್ ಬರುವುದು ಬೀದಿಯ ಯಾವುದೋ ಮನೆಯ ತಾರಸಿಯವರೆಗೆ ಮಾತ್ರ. ಅಲ್ಲೊಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದು ಸ್ವಿಚ್ (ಒಂದು ಲೈನನ್ನು ಹಲವು ತಂತಿಗಳಿಗೆ ಹಂಚುವ ಉಪಕರಣ), ಸ್ವಿಚ್ಚಿನಿಂದ ಸುತ್ತಲಿನ ಮನೆಗಳಿಗೆ ತಾಮ್ರದ ಲ್ಯಾನ್ ತಂತಿ. ಪ್ಲಾನಿನ ಹೆಸರಿನಲ್ಲಿ ಫೈಬರ್ ಎಂದಿದ್ದರೂ ಕೊನೆಯ ನೂರು ಮೀಟರ್ ತಾಮ್ರವೇ. ಅಂತಹ ಸ್ವಿಚ್ಚಿಗೆ ಮೇಲಿನಿಂದ ಬರುವ ಒಂದು ಲೈನನ್ನು ಎಲ್ಲ ಮನೆಗಳೂ ಹಂಚಿಕೊಳ್ಳುತ್ತವೆ; ಹಗಲು ಯಾರೂ ಇರುವುದಿಲ್ಲ, ರಾತ್ರಿ ಎಲ್ಲರೂ ಇರುತ್ತಾರೆ.

ಆ ಪೆಟ್ಟಿಗೆಗೆ ಕರೆಂಟೂ ಬೇಕು. ತಮ್ಮ ಮನೆಯಲ್ಲಿ ಯುಪಿಎಸ್ ಇದ್ದೂ ಬೀದಿಯಲ್ಲಿ ಕರೆಂಟ್ ಹೋದಾಗ ಇಂಟರ್ನೆಟ್ ಹೋಗುತ್ತದೆಯೇ ಎಂಬುದನ್ನು ಗಮನಿಸಿ. ಹೋಗುವುದಾದರೆ ತಾರಸಿಯ ಪೆಟ್ಟಿಗೆಯ ಅನುಮಾನ ಇನ್ನಷ್ಟು ಗಟ್ಟಿ. ಮನೆಯೊಳಗಿನವರೆಗೂ ಬರುವ ನಿಜವಾದ ಫೈಬರಿನಲ್ಲಿ ಬೀದಿಯಲ್ಲಿರುವುದು ಬೆಳಕನ್ನು ಕವಲೊಡೆಸುವ ಗಾಜಿನ ಸ್ಪ್ಲಿಟರ್ ಮಾತ್ರ, ಅದಕ್ಕೆ ಕರೆಂಟ್ ಬೇಡ. ಅಲ್ಲೂ ಹಂಚಿಕೆ ಇದ್ದೇ ಇದೆ. ಸಾಮಾನ್ಯವಾಗಿ ಬಳಸುವ ಜಿಪಾನ್ ಎಂಬ ಫೈಬರ್ ವ್ಯವಸ್ಥೆಯಲ್ಲಿ ಇಳಿಮುಖವಾಗಿ (ಡೌನ್‌ಲೋಡ್) ಸುಮಾರು 2.5 ಗಿಗಾಬಿಟ್, ಏರುಮುಖವಾಗಿ (ಅಪ್‌ಲೋಡ್) 1.25 ಗಿಗಾಬಿಟ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಆದರೂ ಹಳೆಯ ತಾರಸಿ ಸ್ವಿಚ್ಚಿಗೆ ಹೋಲಿಸಿದರೆ ಅದು ಹೆದ್ದಾರಿ.

ಲೈನ್‌ಮನ್ ಬಂದರೆ ಮೊದಲು ಒಂದು ಲೋಟ ಕಾಫಿ ಕೊಡಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಕಾಲ್ ಸೆಂಟರಿನವರಿಗೆ ಗೊತ್ತಿಲ್ಲದ ಎಲ್ಲವೂ ಅವನಿಗೆ ಗೊತ್ತಿರುತ್ತದೆ.


ಕಟ್ಟಡ ಸಂಘ, ಯಲಹಂಕ
ಶನಿವಾರ, ಸಂಜೆ 5:40

ಮೇಡಂ ಅವರಿಗೆ ಆರಿಸಿಕೊಳ್ಳಲು ಎರಡನೆಯ ಕಂಪನಿಯಾದರೂ ಇದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಿಲ್ಡರ್ ಒಂದೇ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿದ್ದರಿಂದ ಆರು ವರ್ಷ ನಾವು ಬೇರೆ ಯಾರನ್ನೂ ಒಳಗೆ ಬಿಡಲಾಗಲಿಲ್ಲ. ಸಂಘದ ಕಾರ್ಯದರ್ಶಿಯಾದ ಮೇಲೆ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಆ ಒಪ್ಪಂದ ಮುಗಿದಾಗ ಅದನ್ನು ನವೀಕರಿಸದೆ, ಇನ್ನೂ ಎರಡು ಕಂಪನಿಗಳಿಗೆ ತಂತಿ ಎಳೆಯುವ ಡಕ್ಟ್ ತೆರೆದದ್ದು. ಅಲ್ಲಿಯವರೆಗೆ ‘ಜಾಲದಲ್ಲಿ ದೋಷವಿಲ್ಲ’ ಎನ್ನುತ್ತಿದ್ದ ಹಳೆಯ ಕಂಪನಿಯೂ ಎರಡು ತಿಂಗಳಲ್ಲಿ ನೆಲಮಾಳಿಗೆಯ ಸ್ವಿಚ್‌ಗಳನ್ನೆಲ್ಲ ಬದಲಿಸಿತು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಆಧಾರದ ಮೇಲೆ ಶ್ರೇಣಿ ನೀಡುವ ನಿಯಮಾವಳಿಯನ್ನು ಹೊರಡಿಸಿದೆ. ಮನೆ ಕೊಳ್ಳುವವರು ನೀರು, ಲಿಫ್ಟು, ಪಾರ್ಕಿಂಗ್ ಕೇಳುವಂತೆ ಇದನ್ನೂ ಕೇಳತೊಡಗಿದರೆ ಬಿಲ್ಡರ್‌ಗಳು ಬದಲಾಗಬಹುದು.


ದೂರು ಸಂಖ್ಯೆ, ಮಲ್ಲೇಶ್ವರ
ಶನಿವಾರ, ರಾತ್ರಿ 9:10

ಗ್ರಾಹಕರ ಪರವಾಗಿ ವಾದಿಸುವ ವಕೀಲೆ ನಾನು. ಬದಲಿಸುವ ಮುನ್ನ ದೂರಿನ ದಾರಿಯನ್ನು ಸರಿಯಾಗಿ ಹಿಡಿದರೆ ಕೆಲವೊಮ್ಮೆ ಬದಲಿಸುವ ಅಗತ್ಯವೇ ಬೀಳದು, ಬಿದ್ದರೂ ಉಳಿದ ಹಣ ಕೇಳಲು ಆಧಾರವಿರುತ್ತದೆ.

ಟ್ರಾಯ್ ಬಿಡಿ ಗ್ರಾಹಕರ ದೂರುಗಳನ್ನು ವಿಚಾರಿಸುವುದಿಲ್ಲ. ಬಹಳ ಮಂದಿ ಅಲ್ಲಿಗೆ ಪತ್ರ ಬರೆದು ಕಾಯುತ್ತಾ ಕೂರುತ್ತಾರೆ. ಟ್ರಾಯ್‌ನ 2012ರ ದೂರು ಪರಿಹಾರ ನಿಯಮಾವಳಿಯ ಪ್ರಕಾರ ಮೊದಲ ಮೆಟ್ಟಿಲು ಕಂಪನಿಯ ದೂರು ಕೇಂದ್ರ. ಅಲ್ಲಿ ದೂರು ಸಂಖ್ಯೆಯನ್ನು ತಪ್ಪದೆ ಪಡೆಯಬೇಕು. ಪರಿಹಾರ ಸಮಾಧಾನ ತಾರದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, 39 ದಿನಗಳಲ್ಲಿ ಅವರು ತೀರ್ಮಾನಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ದೂರಸಂಪರ್ಕದ ವ್ಯಾಜ್ಯಗಳನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು.

ತಾವು ಈಗ ಬರೆದಿಟ್ಟ ನಾಲ್ಕು ದಿನದ ಅಂಕಿಗಳನ್ನು ಪರದೆಯ ಚಿತ್ರಗಳೊಡನೆ ಮಿಂಚಂಚೆಯಲ್ಲಿ ಕಳುಹಿಸಿ, ‘ತಂತಿಯಲ್ಲಿ ಅಳೆದದ್ದು’ ಎಂದು ಎರಡು ಬಾರಿ ಬರೆಯಿರಿ. ಅದಿಲ್ಲದಿದ್ದರೆ ‘ನಿಮ್ಮ ವೈಫೈ ದೋಷ’ ಎಂಬ ಸಿದ್ಧ ಉತ್ತರ ಬರುತ್ತದೆ. ‘ಸಮಸ್ಯೆ ಪರಿಹಾರವಾಗಿದೆ’ ಎಂದು ಬಂದ ಸಂದೇಶಗಳನ್ನೂ ಅಳಿಸಬೇಡಿ; ಯಾರೂ ಬಾರದೆ ದೂರು ಮುಚ್ಚಿದ್ದಕ್ಕೆ ಅವೇ ಸಾಕ್ಷಿ.


ಕಂಬದಿಂದ ಕಂಬಕ್ಕೆ, ಬಸವನಗುಡಿ
ಶನಿವಾರ, ರಾತ್ರಿ 9:35

ವಕೀಲರ ಮಾತಿಗೆ ಒಂದು ಸಣ್ಣ ಸೇರ್ಪಡೆ. ‘ಇದನ್ನು ಬ್ರಾಡ್‌ಬ್ಯಾಂಡ್ ಎನ್ನಲಾದೀತೇ’ ಎಂದು ಮಾತ್ರ ವಾದಿಸಬೇಡಿ, ಸೋಲುತ್ತೀರಿ. 2004ರಲ್ಲಿ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಆಗಿತ್ತು, 2013ರಲ್ಲಿ ಅದು 512 ಆಯಿತು, 2023ರಲ್ಲಿ 2 ಎಂಬಿಪಿಎಸ್. ರಾತ್ರಿಯ 11 ಎಂಬಿಪಿಎಸ್ ಕೂಡ ಸರ್ಕಾರಿ ವ್ಯಾಖ್ಯೆಯಲ್ಲಿ ಭರ್ಜರಿ ಬ್ರಾಡ್‌ಬ್ಯಾಂಡೇ. ವಾದ ಮಾಡುವುದಿದ್ದರೆ ತಾವು ಹಣ ಕೊಟ್ಟ ಪ್ಲಾನನ್ನು ಹಿಡಿದು ಮಾಡಿ. ಕಂಪನಿಯವರು ಜಾಹೀರಾತಿನಲ್ಲಿ ‘150ರವರೆಗೆ’ ಎಂದು ಬರೆದು, ಆ ‘ವರೆಗೆ’ಯ ಹಿಂದೆ ಅಡಗುತ್ತಾರೆ ಎಂಬುದೂ ನೆನಪಿರಲಿ.


ಮೊದಲ ಮಹಡಿ, ಬನಶಂಕರಿ 2ನೇ ಹಂತ
ಗುರುವಾರ, ರಾತ್ರಿ 10:30

ಮಿಂಚಂಚೆ ಕಳುಹಿಸಿದ ಮೂರನೆಯ ದಿನ ಲೈನ್‌ಮನ್ ಬಂದರು, ಇಪ್ಪತ್ತೈದರ ಹುಡುಗ. ಕಾಫಿಯೂ ಆಯಿತು. ತಂತಿಯ ತುದಿಯ ಕನೆಕ್ಟರನ್ನು ಕತ್ತರಿಸಿ ನನ್ನ ಅಂಗೈಗೆ ಹಾಕಿದರು. ಎಂಟು ಎಳೆಗಳಲ್ಲಿ ಕಂದು ಮತ್ತು ನೀಲಿ ಜೊತೆಗಳನ್ನು ಹಿಂದೆ ಯಾರೋ ಒಳಗೆ ಸೇರಿಸದೆ ಮಡಚಿ ಬಿಟ್ಟಿದ್ದರು. ಹೊಸ ಕನೆಕ್ಟರನ್ನು ಒತ್ತಿ ಕೂರಿಸಿದರೂ 94 ಮೀರಲಿಲ್ಲ. ‘ಅಕ್ಕ, ಮೂರನೇ ಮನೆ ತಾರಸಿ ಮೇಲಿರುವ ಸ್ವಿಚ್ಚೇ ನೂರರದ್ದು. ಇದರ ಮೇಲೆ ನಲವತ್ತು ಮನೆ ಹಾಕಿದ್ದಾರೆ. ಬದಲಿಸಿ ಅಂತ ನಾನೇ ಬರೆದು ಕೊಟ್ಟಿದ್ದೀನಿ, ಯಾವಾಗ ಬರುತ್ತೋ ಗೊತ್ತಿಲ್ಲ’ ಎಂದರು. ಇಷ್ಟನ್ನು ಒಂದೇ ವಾಕ್ಯದಲ್ಲಿ ಹೇಳಬಹುದಾಗಿದ್ದ ಕಂಪನಿ ಒಂದು ವರ್ಷ ನನ್ನಿಂದ ರೂಟರ್ ಆರಿಸಿ ಹಾಕಿಸಿತು.

ಬೀದಿಯಲ್ಲಿ ಕರೆಂಟ್ ಹೋದಾಗ ಇಂಟರ್ನೆಟ್ ಹೋಗುವುದೂ ನಿಜ.

ಆದ್ದರಿಂದ ಬದಲಿಸುವುದೆಂದು ನಿರ್ಧರಿಸಿದ್ದೇವೆ. ಕರಪತ್ರದ ಕಂಪನಿಯೂ, ಮನೆ ಮಾಲೀಕರು ಬಳಸುವ ಇನ್ನೊಂದು ಕಂಪನಿಯೂ ನಮ್ಮ ಮುಂದಿವೆ. ತಂತಿಯ ಗೊಡವೆಯೇ ಬೇಡ, ಏರ್‌ಫೈಬರ್ ಹಾಕಿಸಿಬಿಡಿ ಎಂದು ಮಗ ಹೇಳುತ್ತಾನೆ.


ಪ್ಯಾಕೆಟ್ ಪುರಾಣ, ವೈಟ್‌ಫೀಲ್ಡ್
ಶುಕ್ರವಾರ, ಬೆಳಿಗ್ಗೆ 7:05

ಏರ್‌ಫೈಬರ್ ಎಂಬ ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ಟವರಿನ 5ಜಿ ಅಲೆ. ಜಿಯೊ ಅದನ್ನು 2023ರ ಸೆಪ್ಟೆಂಬರ್‌ನಲ್ಲಿ ಎಂಟು ನಗರಗಳಲ್ಲಿ ಆರಂಭಿಸಿದಾಗ ಬೆಂಗಳೂರೂ ಅದರಲ್ಲಿತ್ತು. ತಂತಿ ಬಾರದ ಹೊಸ ಬಡಾವಣೆಗಳಿಗೆ ಅದು ದೊಡ್ಡ ಅನುಕೂಲ. ಆದರೆ ಸುತ್ತಲಿನ ಮೊಬೈಲ್‌ಗಳೊಡನೆ ಟವರನ್ನು ಹಂಚಿಕೊಳ್ಳಬೇಕಾದ್ದರಿಂದ, ರಾತ್ರಿ ಒಂಬತ್ತರ ಜಂಗುಳಿಯಿಂದ ಓಡಿಬಂದವರು ಮತ್ತೊಂದು ಜಂಗುಳಿಗೆ ಸೇರುವ ಸಂಭವವಿದೆ. ಫೈಬರ್ ಸಿಗುವ ಬೀದಿಯಲ್ಲಿ ನಾನಾದರೆ ಫೈಬರನ್ನೇ ಹಾಕಿಸುತ್ತೇನೆ.

ಎರಡು ಕಂಪನಿಗಳ ನಡುವೆ ಆರಿಸಲು ಜಾಲತಾಣಗಳ ನಕ್ಷತ್ರಗಳನ್ನು ನೋಡಬೇಡಿ. ಮಾರತ್ತಹಳ್ಳಿಯಲ್ಲಿ ಹೊಗಳಿಸಿಕೊಂಡ ಕಂಪನಿ ನಿಮ್ಮ ಬೀದಿಯಲ್ಲಿ ತಾರಸಿ ಸ್ವಿಚ್ಚಿನ ಮೇಲೆ ಓಡುತ್ತಿರಬಹುದು. ಮನೆ ಮಾಲೀಕರ ಸಂಪರ್ಕವನ್ನು ರಾತ್ರಿ ಒಂಬತ್ತಕ್ಕೆ ತಂತಿಯಲ್ಲಿ ಅಳೆಯಿರಿ. ಸಾವಿರ ಅಭಿಪ್ರಾಯಗಳಿಗಿಂತ ಆ ಒಂದು ಅಂಕಿ ಮೇಲು. ಫೈಬರ್ ಮನೆಯೊಳಗಿನ ಓಎನ್‌ಟಿ (ಫೈಬರ್ ಬಂದು ಸೇರುವ ಉಪಕರಣ) ಪೆಟ್ಟಿಗೆಯವರೆಗೂ ಬರುತ್ತದೆಯೇ ಎಂದು ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಕೇಳಿ.

ಹಣದ ವಿಷಯ. ಕರಪತ್ರದ ದರಕ್ಕೆ ಶೇ 18 ಜಿಎಸ್‌ಟಿ ಸೇರುತ್ತದೆ, 799 ಎಂದದ್ದು ಸುಮಾರು 943 ಆಗುತ್ತದೆ. ‘ಅನಿಯಮಿತ’ ಎಂಬುದಕ್ಕೂ ಮಿತಿ ಇರುತ್ತದೆ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ತಿಂಗಳಿಗೆ 3300 ಜಿಬಿ ಎನ್ನುತ್ತವೆ. ಅದು ದಿನಕ್ಕೆ 110 ಜಿಬಿ. ಫುಲ್ ಎಚ್‌ಡಿ ಚಿತ್ರ ಗಂಟೆಗೆ ಎರಡೂಕಾಲು ಜಿಬಿ ನುಂಗುತ್ತದೆಂದು ಇಟ್ಟುಕೊಂಡರೂ ಅತ್ತೆಯವರು ಎಷ್ಟೇ ಧಾರಾವಾಹಿ ನೋಡಲಿ, ಅದು ಮುಗಿಯದು. ಸಣ್ಣ ಕಂಪನಿಗಳ ಮಿತಿ ಕಡಿಮೆಯಿರಬಹುದು, ಕೇಳಿ. ಒಂದು ವರ್ಷದ ಹಣವನ್ನು ಒಟ್ಟಿಗೆ ಕಟ್ಟಬೇಡಿ. ಒಂದು ತಿಂಗಳಿಗೆ ಕಟ್ಟಿ, ಹಳೆಯದು ಇನ್ನೂ ಇರುವಾಗಲೇ ಹೊಸದನ್ನು ಹಾಕಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ರಾತ್ರಿ ಒಂಬತ್ತಕ್ಕೆ ಅಳೆಯಿರಿ. ಒಂದು ತಿಂಗಳ ಎರಡು ಬಿಲ್ ದುಬಾರಿ ಎನಿಸಬಹುದು; ನಿಮ್ಮ ಒಂದು ಕಕ್ಷಿದಾರರ ಕರೆಗಿಂತ ಅಗ್ಗವೇ ಇದ್ದೀತು.

ಹಾಗೆಯೇ 150 ಬೇಡ. ನಿಮ್ಮ ಮನೆಯ ಬಳಕೆಗೆ, ಅದು ರಾತ್ರಿಯೂ ಸಿಗುವುದಾದರೆ, 100 ಧಾರಾಳ.


ಮೊದಲ ಮಹಡಿ, ಬನಶಂಕರಿ 2ನೇ ಹಂತ
ಮೊದಲ ಪ್ರಶ್ನೆಯ ಐದು ವಾರಗಳ ನಂತರ, ಭಾನುವಾರ, ಮಧ್ಯಾಹ್ನ 3:15

ಇಷ್ಟೊಂದು ಮಂದಿ ಸಮಯ ಕೊಟ್ಟಿರುವಾಗ ಏನಾಯಿತೆಂದು ಹೇಳದೆ ಹೋಗುವುದು ಸರಿಯಲ್ಲ.

ಕರಪತ್ರದ ಕಂಪನಿಗೆ ‘ಫೈಬರ್ ಮನೆಯೊಳಗೆ ಬರುತ್ತದೆಯೇ’ ಎಂದು ಬರೆದು ಕೇಳಿದೆ. ಮೂರು ಬಾರಿ ಫೋನ್ ಮಾಡಿ ಹೌದೆಂದರು, ಒಂದು ಬಾರಿಯೂ ಬರೆದು ಕೊಡಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು. ಮಾಲೀಕರ ಮನೆಯಲ್ಲಿ ಎರಡು ರಾತ್ರಿ ಅಳೆದಾಗ 97 ಮತ್ತು 99 ಬಂತು, ಪಿಂಗ್ 6 ಮಿಲಿಸೆಕೆಂಡ್. ಅದೇ ಕಂಪನಿಯ 100ರ ಪ್ಲಾನನ್ನು ಒಂದು ತಿಂಗಳಿಗೆ ಹಾಕಿಸಿದೆವು. ಅಳವಡಿಸಲು ಬಂದವರಿಗೆ ಫೈಬರಿನ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ತೋರಿಸಿ ಎಂದಾಗ ಆತ ಸ್ವಲ್ಪ ಅಚ್ಚರಿಯಿಂದಲೇ ತೋರಿಸಿದ, ಮೈನಸ್ 19 ಡಿಬಿಎಂ ಇತ್ತು. ಅದು ಒಳ್ಳೆಯ ಅಂಕಿಯೆಂದು ಆತನೇ ಹೇಳಿದ. ಬಾಗಿಲ ಕಿಂಡಿಯಲ್ಲಿ ಫೈಬರನ್ನು ಲಂಬಕೋನಕ್ಕೆ ಮಡಚಲು ಹೊರಟಾಗ ಮಾತ್ರ ನಾನು ತಡೆದು, ಬಳಸಿ ತರಲು ಹೇಳಿದೆ.

ಮೂರು ವಾರ ಎರಡನ್ನೂ ಅಕ್ಕಪಕ್ಕದಲ್ಲಿ ಅಳೆದೆ. ಹಳೆಯದರಲ್ಲಿ ರಾತ್ರಿ 9ರಿಂದ 20ರೊಳಗೆ, ಹೊಸದರಲ್ಲಿ 90ಕ್ಕಿಂತ ಕೆಳಗಿಳಿದದ್ದು ಎರಡೇ ದಿನ. ಆದರೆ ಹೇಳಲೇಬೇಕಾದ ಮಾತೊಂದಿದೆ: ಹೊಸ ಸಂಪರ್ಕ ಬಂದ ಮೊದಲ ರಾತ್ರಿಯೂ ನನ್ನ ಕೋಣೆಯಲ್ಲಿ ವೈಫೈ ವೇಗ 24 ಮಾತ್ರ ಇತ್ತು, ಕರೆ ಎರಡು ಬಾರಿ ಕಡಿಯಿತು. ಯಜಮಾನರು ‘ಇದೂ ಅಷ್ಟೇ’ ಎಂದುಬಿಟ್ಟರು. ಮರುದಿನ ರೂಟರನ್ನು ಟಿವಿಯ ಹಿಂದಿನಿಂದ ತೆಗೆಸಿ ಊಟದ ಮನೆಯ ಗೋಡೆಯ ಮೇಲೆ ಹಾಕಿಸಿದ ನಂತರವೇ ಕೋಣೆಯಲ್ಲಿ 70 ದಾಟಿತು. ಮೀನಿನ ತೊಟ್ಟಿಯ ಸರ್‌ಗೆ ವಿಶೇಷ ವಂದನೆ.

ಹಳೆಯ ಕಂಪನಿಯ ಪ್ಲಾನ್ ಮೊನ್ನೆ ಮುಗಿಯಿತು. ರದ್ದತಿಯನ್ನು ಬರಹದಲ್ಲಿ ಕೇಳಿ, ಅವರ ರೂಟರನ್ನು ಹಿಂದಿರುಗಿಸಿ, ಅದರ ಕ್ರಮಸಂಖ್ಯೆ ಬರೆದ ರಸೀದಿಯನ್ನು ವಕೀಲ ಮೇಡಂ ಖಾಸಗಿಯಾಗಿ ತಿಳಿಸಿದಂತೆ ಪಡೆದುಕೊಂಡಿದ್ದೇನೆ. ಈ ನಡುವೆ ಆ ಕಂಪನಿಯಿಂದ ಒಂದು ಕರೆ ಬಂದಿತ್ತು. ಅದೇ ದರದಲ್ಲಿ 300 ಎಂಬಿಪಿಎಸ್ ಕೊಡುತ್ತೇವೆ ಎಂದರು. ತಾರಸಿಯ ಸ್ವಿಚ್ ಬದಲಾಯಿತೇ ಎಂದು ಕೇಳಿದೆ. ಯಾವ ಸ್ವಿಚ್ ಎಂದು ಅವರು ನನ್ನನ್ನೇ ಕೇಳಿದರು.

ಗೋಡೆಯಲ್ಲಿ ಉಳಿದಿರುವ ಅವರ ಹಳೆಯ ಲ್ಯಾನ್ ತಂತಿಯನ್ನು ನಾಳೆ ಎಳೆದು ಬಿಸಾಡಬೇಕು.


ಕಂಬದಿಂದ ಕಂಬಕ್ಕೆ, ಬಸವನಗುಡಿ
ಭಾನುವಾರ, ಮಧ್ಯಾಹ್ನ 3:40

ಬೇಡ ಮೇಡಂ, ಎಳೆಯಬೇಡಿ. ಮನೆಯ ಹೊರಗಿನ ತುದಿಯನ್ನು ಕತ್ತರಿಸಿ ಟೇಪ್ ಸುತ್ತಿ, ಒಳಗಿನದನ್ನು ಪೈಪಿನಲ್ಲೇ ಬಿಡಿ. ಮುಂದೊಂದು ದಿನ ಹಿಂದಿನ ಕೋಣೆಗೆ ಲ್ಯಾನ್ ಎಳೆಸುವಾಗ ಹೊಸ ತಂತಿಯನ್ನು ಅದರ ತುದಿಗೆ ಕಟ್ಟಿ ಎಳೆದರೆ ಗೋಡೆ ಒಡೆಯುವ ಕೆಲಸ ಉಳಿಯುತ್ತದೆ.